ಮೇವು ಕಟರ್ ಮೋಟಾರು ಮತ್ತು ದಾರಿಯಲ್ಲಿ ಕಳೆದುಹೋದ 28 ವೋಲ್ಟ್

ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ನನ್ನ ಅಕ್ಕನ ಮನೆಯವರ ತೋಟದ ವಸ್ತಿ ಇದೆ. ರಸ್ತೆಗೆ ಹತ್ತಿದಂತೆ ಮನೆ, ಮನೆಯ ಹಿಂದೆ ದ್ರಾಕ್ಷಿ ತೋಟ, ತೋಟದ ಆಚೆ ಬದಿಗೆ ದನದ ಶೆಡ್ಡು. ಶೆಡ್ಡಿನಲ್ಲಿ ಜೋಳದ ಕಣಿಕಿ ಕತ್ತರಿಸುವ ಮೇವು ಕಟರ್ ಇದ್ದು, ಅದಕ್ಕೆ 2 ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ಜೋಡಿಸಿದ್ದಾರೆ. ಮೀಟರ್ ಬೋರ್ಡು ಮನೆಯಲ್ಲಿದೆ. ಅಲ್ಲಿಂದ ಶೆಡ್ಡಿಗೆ ಸುಮಾರು 110 ಮೀಟರ್ ದೂರ, 4 ಚದರ ಮಿಲಿಮೀಟರಿನ ಎರಡು ಎಳೆಯ ಅಲ್ಯೂಮಿನಿಯಂ ಸರ್ವಿಸ್ ವಯರನ್ನು ಕಬ್ಬಿಣದ ತಂತಿಗೆ ಕಟ್ಟಿ ಎಳೆದಿದ್ದಾರೆ.

ಈ ಮೋಟಾರು ಕಳೆದ ಮಳೆಗಾಲದಿಂದ ಸರಿಯಾಗಿ ತಿರುಗುತ್ತಿರಲಿಲ್ಲ. ಸ್ವಿಚ್ ಹಾಕಿದರೆ ಗುಂಯ್ ಎಂದು ಸದ್ದು ಮಾಡುತ್ತಿತ್ತು. ಪುಲ್ಲಿಗೆ ಕೈಯಿಂದ ಒಂದು ಎಳೆತ ಕೊಟ್ಟರೆ ಮಾತ್ರ ಹೊರಡುತ್ತಿತ್ತು. ಹರಿತವಾದ ಬ್ಲೇಡುಗಳಿರುವ ಯಂತ್ರದ ಪುಲ್ಲಿಯನ್ನು, ಸ್ವಿಚ್ ಆನ್ ಇರುವಾಗಲೇ ಕೈಯಿಂದ ಎಳೆಯುವುದೆಂದರೆ ಬೆರಳುಗಳನ್ನು ಪಣಕ್ಕಿಟ್ಟಂತೆಯೇ ಸರಿ. ಮೋಟಾರು ಹೊರಡಲು ನೆರವಾಗುವ ಕೆಪ್ಯಾಸಿಟರನ್ನು ಎರಡು ಸಲ ಬದಲಾಯಿಸಿದ್ದರು, ಒಮ್ಮೆ ಮೋಟಾರನ್ನು ರಿವೈಂಡಿಂಗ್ ಸಹ ಮಾಡಿಸಿದ್ದರು. ಆದರೂ ತೊಂದರೆ ಹೋಗಿರಲಿಲ್ಲ. "ತಮ್ಮಾ, ಈಗ ಹೊಸಾ ಮೋಟಾರ್ ತರೂದ ಒಂದ ಉಳದೈತಿ ನೋಡ" ಎಂದು ಮಾಮಾ (ಅಕ್ಕನ ಗಂಡ) ಫೋನಿನಲ್ಲಿ ಹೇಳಿದಾಗ, ಒಂದು ವಾರ ತಡೆಯಲು ಕೇಳಿಕೊಂಡು, ಮಲ್ಟಿಮೀಟರ್ ಮತ್ತು ತಂತಿಯ ಸುತ್ತ ಹಿಡಿದು ಪ್ರವಾಹ ಅಳೆಯುವ ಕ್ಲಾಂಪ್ ಮೀಟರ್ ಹಿಡಿದುಕೊಂಡು ನಾನೇ ಹೋದೆ. ಅಲ್ಲಿ ಎರಡು ದಿನ ಮಾಡಿದ ಕೆಲಸದ ದಾಖಲೆ ಇದು. ಇಂಥದೇ ಉದ್ದನೆಯ ಲೈನುಗಳು ಪ್ರತಿಯೊಂದು ವಸ್ತಿಯಲ್ಲಿಯೂ ಇರುವುದರಿಂದ ಅಂಕಿಗಳನ್ನೆಲ್ಲ ಬಿಡದೆ ಬರೆಯುತ್ತಿದ್ದೇನೆ.

ಹೋದ ಕೂಡಲೇ ಶೆಡ್ಡಿನ ಮೇನ್ ಸ್ವಿಚ್ಚಿನಲ್ಲಿ ವೋಲ್ಟೇಜು ನೋಡಿದೆ: 231. ಮನೆಯ ಬೋರ್ಡಿನಲ್ಲಿ 232. ಹಿಂದೆ ಬಂದು ನೋಡಿದವರೆಲ್ಲರೂ ಇದೇ ಅಂಕಿಯನ್ನು ಕಂಡು, ಲೈನು ಚೆನ್ನಾಗಿದೆ, ದೋಷ ಮೋಟಾರಿನಲ್ಲಿದೆ ಎಂದು ತೀರ್ಮಾನಿಸಿದ್ದರು. ಆ ತೀರ್ಮಾನ ತಪ್ಪಿದ್ದು ಏಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಂತಿಯಲ್ಲಿ ಎಷ್ಟೇ ರೋಧ (ಪ್ರವಾಹಕ್ಕೆ ಆಗುವ ತಡೆ, ಅದರ ಅಳತೆ ಓಮ್) ಇದ್ದರೂ ಅದರ ಮೂಲಕ ಪ್ರವಾಹ ಹರಿದಾಗ ಮಾತ್ರ ವೋಲ್ಟೇಜು ಇಳಿಯುತ್ತದೆ. ಇಳಿಯುವ ಪ್ರಮಾಣ ಪ್ರವಾಹ ಮತ್ತು ರೋಧಗಳ ಗುಣಲಬ್ಧದಷ್ಟಿರುತ್ತದೆ. ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್‌ನಷ್ಟಿರುವುದರಿಂದ ಅದು ಎಳೆದುಕೊಳ್ಳುವ ಪ್ರವಾಹ ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ 23 ಭಾಗ ಮಾತ್ರ. ಅಷ್ಟು ಸಣ್ಣ ಪ್ರವಾಹಕ್ಕೆ ಲೈನಿನಲ್ಲಿ 5 ಓಮ್ ಇದ್ದರೂ ಒಂದೇ, 50 ಓಮ್ ಇದ್ದರೂ ಒಂದೇ. ಮೀಟರು ಪೂರ್ಣ ವೋಲ್ಟೇಜನ್ನೇ ತೋರಿಸುತ್ತದೆ. ಟೆಸ್ಟರಿನ ದೀಪವೂ ಹಾಗೆಯೇ ಹೊಳೆಯುತ್ತದೆ. ಆದ್ದರಿಂದ ಲೋಡು ಹಾಕದೆ ಅಳೆದ ವೋಲ್ಟೇಜು ಲೈನಿನ ಆರೋಗ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೋಟಾರಿನ ಸ್ವಿಚ್ಚನ್ನು ಎರಡೇ ಸೆಕೆಂಡು ಹಾಕಿ ನೋಡಿದೆ. ಅದು ಗುಂಯ್ ಎನ್ನುತ್ತಿರುವಾಗ ಕ್ಲಾಂಪ್ ಮೀಟರಿನಲ್ಲಿ 24 ಆಂಪಿಯರ್ ಇತ್ತು, ಶೆಡ್ಡಿನ ವೋಲ್ಟೇಜು 129ಕ್ಕೆ ಕುಸಿದಿತ್ತು. ಇಂಥ ಮೋಟಾರು ಹೊರಡುವಾಗ ಕೊಡುವ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 129ನ್ನು 230ರಿಂದ ಭಾಗಿಸಿ ವರ್ಗ ಮಾಡಿದರೆ 0.31 ಬರುತ್ತದೆ, ಎಂದರೆ ಮೋಟಾರಿಗೆ ಅದರ ಬಲದಲ್ಲಿ ಮೂರನೆಯ ಒಂದು ಪಾಲೂ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಭಾರವಾದ ಬ್ಲೇಡ್ ಚಕ್ರವನ್ನು ಅದು ಎತ್ತಿಕೊಂಡು ಹೊರಡಲಾರದು.

ಆದರೆ ಮೋಟಾರಿನ ಅಂಕಿಗಳಿಂದ ಲೈನಿನ ರೋಧವನ್ನು ನೇರವಾಗಿ ಲೆಕ್ಕ ಹಾಕಲು ನಾನು ಒಪ್ಪುವುದಿಲ್ಲ. ಮೋಟಾರಿನಲ್ಲಿ ಪ್ರವಾಹವು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಹೀಗಾಗಿ ಎರಡೂ ಕಡೆಯ ವೋಲ್ಟೇಜುಗಳನ್ನು ಸುಮ್ಮನೆ ಕಳೆದು ಭಾಗಿಸಿದರೆ ಬರುವ ಉತ್ತರ ಸರಿಯಿರುವುದಿಲ್ಲ. ಅದಕ್ಕೆ ಶುದ್ಧ ರೋಧದಂತೆ ವರ್ತಿಸುವ ಲೋಡು ಬೇಕು. ಅಕ್ಕನ ಬಚ್ಚಲಮನೆಯಲ್ಲಿ 1500 ವ್ಯಾಟಿನ ನೀರು ಕಾಯಿಸುವ ರಾಡು ಇತ್ತು. ಅದನ್ನು ಶೆಡ್ಡಿಗೆ ಒಯ್ದು, ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ಮೋಟಾರಿನ ತಂತಿಗಳನ್ನು ಬಿಡಿಸಿದ ಜಾಗಕ್ಕೆ ಜೋಡಿಸಿದೆ. ಬಲ್ಬನ್ನು ಏಕೆ ಬಳಸಲಿಲ್ಲವೆಂದರೆ, ತಂತುವಿನ ಬಲ್ಬಿನ ರೋಧ ಬಿಸಿಯಾದಂತೆ ವಿಪರೀತ ಬದಲಾಗುತ್ತದೆ. 60 ವ್ಯಾಟಿನ ಬಲ್ಬು ಉರಿಯುವಾಗ ಸುಮಾರು 880 ಓಮ್ ಇದ್ದರೆ ತಣ್ಣಗಿದ್ದಾಗ ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ಇರುತ್ತದೆ. ರಾಡಿನ ಒಳಗಿರುವ ನೈಕ್ರೋಮ್ ತಂತಿ ಹಾಗಲ್ಲ. ಬಿಸಿಯಿದ್ದರೂ ತಣ್ಣಗಿದ್ದರೂ ಅದರ ರೋಧ ಹೆಚ್ಚುಕಡಿಮೆ ಒಂದೇ ಇರುತ್ತದೆ.

ರಾಡಿನ ಮೇಲೆ 230 ವೋಲ್ಟ್, 1500 ವ್ಯಾಟ್ ಎಂದು ಬರೆದಿತ್ತು. ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ: 230 × 230 ÷ 1500 = 35.3 ಓಮ್. ಇದನ್ನು ನೋಟ್‌ಬುಕ್ಕಿನಲ್ಲಿ ಮೊದಲೇ ಬರೆದಿಟ್ಟುಕೊಂಡು ಸ್ವಿಚ್ ಹಾಕಿದೆ. ಪ್ರವಾಹ 5.7 ಆಂಪಿಯರ್, ಶೆಡ್ಡಿನಲ್ಲಿ 201 ವೋಲ್ಟ್. ಅದೇ ಹೊತ್ತಿಗೆ ಮನೆಯ ಬೋರ್ಡಿನ ಮುಂದೆ ಇನ್ನೊಂದು ಮೀಟರು ಹಿಡಿದು ನಿಂತಿದ್ದ ಅಳಿಯ 229 ಎಂದು ಕೂಗಿ ಹೇಳಿದ.

ಈ ಮೂರು ಅಂಕಿಗಳಲ್ಲಿ ಬೇಕಾದುದೆಲ್ಲ ಇತ್ತು. 201 ÷ 5.7 = 35.3 ಓಮ್, ಮೊದಲೇ ಬರೆದಿಟ್ಟ ಅಂಕಿಗೆ ಸರಿಯಾಗಿ ಕೂಡಿತು. ಆದ್ದರಿಂದ ಎರಡೂ ಮೀಟರುಗಳು ನಂಬಿಕೆಗೆ ಅರ್ಹವಾಗಿದ್ದವು. ರಾಡಿಗೆ ಸಿಗುತ್ತಿದ್ದ ಸಾಮರ್ಥ್ಯ 201 × 5.7 = 1146 ವ್ಯಾಟ್, ಎಂದರೆ 1500ರಲ್ಲಿ ಸುಮಾರು ಮುಕ್ಕಾಲು ಪಾಲು. ಬೋರ್ಡಿನಿಂದ ಶೆಡ್ಡಿಗೆ ಬರುವಷ್ಟರಲ್ಲಿ 229 − 201 = 28 ವೋಲ್ಟ್ ಕಳೆದುಹೋಗಿತ್ತು. ಲೈನಿನ ರೋಧ 28 ÷ 5.7 = 4.91 ಓಮ್. ಲೈನಿನಲ್ಲಿ ಶಾಖವಾಗಿ ಹೋಗುತ್ತಿದ್ದದ್ದು 28 × 5.7 = 160 ವ್ಯಾಟ್.

ಮಾಮಾ ಲೆಕ್ಕ ನೋಡಿ, "ಹಂಗಾದ್ರ ವಯರ್ ಸಣ್ಣದಾಗೇತಿ, ಪೂರಾ ಬದಲಿ ಮಾಡೂಣು" ಎಂದರು. ನನಗೂ ಮೊದಲು ಹೊಳೆದದ್ದು ಅದೇ. ಆದರೆ ವಯರಿಗೆ ಎಷ್ಟು ರೋಧ ಇರಬೇಕು ಎಂಬುದನ್ನು ಕಾಗದದ ಮೇಲೆಯೇ ನೋಡಬಹುದು. 1 ಚದರ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಂತಿಗೆ ಒಂದು ಮೀಟರಿಗೆ ಸುಮಾರು 0.028 ಓಮ್ ರೋಧ. ಪ್ರವಾಹ ಹೋಗಿ ಮರಳಬೇಕಾದ್ದರಿಂದ ಉದ್ದ 110 ಅಲ್ಲ, 220 ಮೀಟರ್. ಲೆಕ್ಕ ಹಾಕುವವರು ಹೆಚ್ಚಾಗಿ ಮರೆಯುವುದು ಇದನ್ನೇ. 220 × 0.028 ÷ 4 = 1.54 ಓಮ್. ಇರಬೇಕಾದದ್ದು ಒಂದೂವರೆ, ಇರುವುದು ಸುಮಾರು ಐದು. ಉಳಿದ ಮೂರೂಕಾಲು ಓಮ್‌ಗಿಂತ ಹೆಚ್ಚಿನದು ತಂತಿಯದಲ್ಲ, ದಾರಿಯಲ್ಲಿ ಎಲ್ಲಿಯೋ ಕುಳಿತಿರುವ ಕೆಟ್ಟ ಜಾಯಿಂಟಿನದು. ಇಷ್ಟು ತಿಳಿದದ್ದೇ ಇಡೀ ವಯರಿನ ಖರ್ಚು ತಪ್ಪಿತು.

ಮರುದಿನ ಬೆಳಿಗ್ಗೆ ಆ ಜಾಯಿಂಟನ್ನು ಹುಡುಕಲು ಹೊರಟೆವು. 230 ವೋಲ್ಟ್ ಹರಿಯುತ್ತಿರುವ ಲೈನಿನಲ್ಲಿ ಏಣಿ ಹತ್ತಿ ಮೀಟರಿನ ಕಡ್ಡಿ ಇಡುವ ಕೆಲಸವನ್ನು ನಾನು ಮಾಡುವುದಿಲ್ಲ, ಯಾರೂ ಮಾಡಬಾರದು. ಲೈನು ಬಂದ್ ಮಾಡಿ ಮಲ್ಟಿಮೀಟರಿನ ಓಮ್ ಸ್ಥಾನದಲ್ಲಿ ನೋಡಬಹುದಲ್ಲ ಎಂದರೆ, ಅದೂ ಇಲ್ಲಿ ಸಾಲದು. ಆ ಸ್ಥಾನದಲ್ಲಿ ಮೀಟರು ಕಳಿಸುವ ಪ್ರವಾಹ ತೀರ ಸಣ್ಣದು. ಮೀಟರಿನ ತಂತಿಗಳ ರೋಧವೇ ಓಮ್‌ನ ಮೂರು ನಾಲ್ಕು ದಶಾಂಶದಷ್ಟಿರುತ್ತದೆ. ತುಕ್ಕು ಹಿಡಿದ ಜಾಯಿಂಟು ಸಣ್ಣ ಪ್ರವಾಹಕ್ಕೆ ಒಂದು ರೋಧ ತೋರಿಸಿ ದೊಡ್ಡ ಪ್ರವಾಹಕ್ಕೆ ಇನ್ನೊಂದನ್ನು ತೋರಿಸುತ್ತದೆ. ನನ್ನ ಮೀಟರಿನಲ್ಲಿ ಅಂಕಿ ಒಮ್ಮೆ 3, ಒಮ್ಮೆ 8 ಎಂದು ಕುಣಿಯುತ್ತಲೇ ಇತ್ತು.

ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಮೊದಲು ಮನೆಯ ಮೇನ್ ಸ್ವಿಚ್ ತೆಗೆದು, ಫ್ಯೂಸ್ ಕಟೌಟನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡು, ಶೆಡ್ಡಿಗೆ ಹೋಗುವ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬೋರ್ಡಿನಿಂದ ಪೂರ್ತಿ ಬಿಡಿಸಿದೆ. ಶೆಡ್ಡಿನ ಕಡೆ ಮೋಟಾರು, ಕೆಪ್ಯಾಸಿಟರು, ಬಲ್ಬು ಎಲ್ಲವನ್ನೂ ಬೇರೆ ಮಾಡಿ ಎರಡು ತಂತಿಗಳ ತುದಿಗಳನ್ನು ಒಂದಕ್ಕೊಂದು ಬಿಗಿಯಾಗಿ ಕೂಡಿಸಿದೆ. ಬೋರ್ಡಿನ ಕಡೆಯ ತುದಿಗಳಿಗೆ ಬ್ಯಾಟರಿ, ನಡುವೆ 10 ಆಂಪಿಯರ್ ಸ್ಥಾನದಲ್ಲಿ ಒಂದು ಮೀಟರು. ಪ್ರವಾಹ ಅಳೆದ ಮೇಲೆ ಕೆಂಪು ತಂತಿಯನ್ನು ವೋಲ್ಟ್ ತೂತಿಗೆ ಮರಳಿ ಹಾಕುವುದನ್ನು ಮರೆಯಬಾರದು. ಆಂಪಿಯರ್ ತೂತಿನಲ್ಲಿಯೇ ಬಿಟ್ಟು ಮುಂದೆ ಯಾವಾಗಲಾದರೂ 230 ವೋಲ್ಟಿಗೆ ಮುಟ್ಟಿಸಿದರೆ ಮೀಟರು ಕೈಯಲ್ಲಿಯೇ ಸಿಡಿಯಬಹುದು.

ಲೈನಿನ ತುದಿಗಳಲ್ಲಿ 12.4 ವೋಲ್ಟ್, ಪ್ರವಾಹ 2.5 ಆಂಪಿಯರ್. 12.4 ÷ 2.5 = 4.96 ಓಮ್. ಹಿಂದಿನ ದಿನ ರಾಡಿನಿಂದ ಸಿಕ್ಕಿದ್ದು 4.91. ಒಂದು ಲೆಕ್ಕ 230 ವೋಲ್ಟಿನ ಎಸಿಯಲ್ಲಿ, ಇನ್ನೊಂದು 12 ವೋಲ್ಟಿನ ಡಿಸಿಯಲ್ಲಿ, ಎರಡೂ ಒಂದೇ ಜಾಗಕ್ಕೆ ಬಂದು ನಿಂತಾಗ ಆದ ಸಂತೋಷವನ್ನು ಇಂಥ ಕೆಲಸ ಮಾಡಿದವರೇ ಬಲ್ಲರು.

ಇನ್ನು ಆ 12.4 ವೋಲ್ಟ್ ಎಲ್ಲೆಲ್ಲಿ ಹಂಚಿಹೋಗಿದೆ ಎಂದು ನೋಡುವುದಷ್ಟೇ ಉಳಿದಿತ್ತು. ಲೈನಿನಲ್ಲಿ ಕಣ್ಣಿಗೆ ಕಾಣುವ ಜಾಯಿಂಟುಗಳು ಎರಡು ಕಡೆ ಇದ್ದವು. ಒಂದು, ತೋಟದ ನಡುವಿನ ಬೇವಿನ ಮರದ ಹತ್ತಿರ. ಹಿಂದೊಮ್ಮೆ ಗಾಳಿಗೆ ಟೊಂಗೆ ಬಿದ್ದು ಎರಡೂ ಎಳೆಗಳು ಹರಿದಿದ್ದವಂತೆ. ಇನ್ನೊಂದು, ಶೆಡ್ಡಿನ ಗೋಡೆಯ ಮೇಲೆ, ಅಲ್ಯೂಮಿನಿಯಂ ವಯರು ಒಳಗಿನ ತಾಮ್ರದ ವಯರಿಗೆ ಕೂಡುವ ಜಾಗ. ಟೇಪನ್ನು ಬಿಚ್ಚಿದರೆ ಜಾಯಿಂಟು ಅಲುಗಾಡಿ ರೋಧವೇ ಬದಲಾಗಬಹುದೆಂದು, ಚೀಲ ಹೊಲಿಯುವ ಎರಡು ದಬ್ಬಣಗಳನ್ನು ಅಕ್ಕನಿಂದ ಕೇಳಿ ತಂದು, ಜಾಯಿಂಟಿನ ಆಚೆ ಈಚೆ ವಯರಿನ ಹೊದಿಕೆಯೊಳಗೆ ಚುಚ್ಚಿ, ಮೀಟರಿನ ಕಡ್ಡಿಗಳನ್ನು ದಬ್ಬಣಕ್ಕೆ ಮುಟ್ಟಿಸಿದೆ. ಚುಚ್ಚಿದ ಜಾಗವನ್ನು ಹೇಗೂ ಕತ್ತರಿಸಿ ತೆಗೆಯುವವರಿದ್ದೆವು.

ಬೇವಿನ ಮರದ ಹತ್ತಿರ ಫೇಸ್ ಜಾಯಿಂಟಿನಲ್ಲಿ 5.4 ವೋಲ್ಟ್, ಅದರ ಪಕ್ಕದಲ್ಲಿಯೇ ಇದ್ದ ನ್ಯೂಟ್ರಲ್ ಜಾಯಿಂಟಿನಲ್ಲಿ 0.1 ವೋಲ್ಟ್. ಶೆಡ್ಡಿನ ಗೋಡೆಯಲ್ಲಿ ನ್ಯೂಟ್ರಲ್ ಜಾಯಿಂಟಿನಲ್ಲಿ 2.9 ವೋಲ್ಟ್, ಅಲ್ಲಿಯ ಫೇಸ್ ತಂತಿ ಜಾಯಿಂಟಿಲ್ಲದೆ ನೇರ ಸ್ವಿಚ್ಚಿಗೆ ಹೋಗಿತ್ತು. ಪ್ರತಿಯೊಂದನ್ನು 2.5 ಆಂಪಿಯರಿನಿಂದ ಭಾಗಿಸಿದರೆ 2.16, 0.04 ಮತ್ತು 1.16 ಓಮ್. ಮೂರನ್ನೂ ಕಳೆದ ಮೇಲೆ ಉಳಿಯುವುದು 4.0 ವೋಲ್ಟ್, ಎಂದರೆ 1.6 ಓಮ್, ಅದು ತಂತಿಯದು. ಕಾಗದದ ಲೆಕ್ಕ 1.54 ಎಂದು ಹೇಳಿತ್ತು.

ಟೇಪು ಬಿಚ್ಚಿದಾಗ ಕಂಡದ್ದನ್ನು ಬರೆಯಲೇಬೇಕು. ಫೇಸ್ ಜಾಯಿಂಟಿನ ಕರಿ ಟೇಪು ಪದರ ಪದರವಾಗಿ ಬಿಚ್ಚಿಕೊಳ್ಳಲಿಲ್ಲ. ತಳ ಹತ್ತಿದ ಬೆಲ್ಲದ ಪಾಕದಂತೆ ಒಂದೇ ಮುದ್ದೆಯಾಗಿತ್ತು, ಚಾಕುವಿನಿಂದ ಕೆರೆಯಬೇಕಾಯಿತು. ಒಳಗೆ ಒಂದು ಮೊಳದಷ್ಟು ತಾಮ್ರದ ವಯರಿತ್ತು. ಟೊಂಗೆ ಬಿದ್ದಾಗ ಫೇಸ್ ತಂತಿ ಗಿಡ್ಡವಾಗಿ, ಕೈಗೆ ಸಿಕ್ಕ ತಾಮ್ರದ ತುಂಡನ್ನು ನಡುವೆ ಹೊಸೆದು ಕೂಡಿಸಿದ್ದರು. ತಾಮ್ರ ಕಪ್ಪಾಗಿ ಅಂಚಿಗೆ ಹಸಿರು ಹಿಡಿದಿತ್ತು. ಅದಕ್ಕೆ ಸುತ್ತಿದ್ದ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕುಳಿತು, ತಂತಿ ಅಲ್ಲಲ್ಲಿ ಹುಳು ತಿಂದಂತೆ ಸವೆದಿತ್ತು. ನ್ಯೂಟ್ರಲ್ ತಂತಿ ಉದ್ದ ಸಾಲುವಷ್ಟು ಇದ್ದುದರಿಂದ ಅಲ್ಯೂಮಿನಿಯಮಿಗೆ ಅಲ್ಯೂಮಿನಿಯಮ್ಮನ್ನೇ ಹೊಸೆದಿದ್ದರು. ಅದರ ಟೇಪು ಇನ್ನೂ ಮೆತ್ತಗಿತ್ತು. ಒಂದೇ ಮರ, ಒಂದೇ ದಿನ, ಒಂದೇ ಕೈ, ಬಹುಶಃ ಒಂದೇ ಟೇಪು. ವ್ಯತ್ಯಾಸ ಲೋಹದ್ದು ಮಾತ್ರ.

ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕ್ಷಣದಿಂದಲೇ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ, ಆ ಪೊರೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಅದಕ್ಕೆ ತಾಮ್ರ ತಾಗಿ, ನಡುವೆ ಮಳೆಯ ತೇವ ಸೇರಿದರೆ ಅಲ್ಯೂಮಿನಿಯಂ ಕರಗತೊಡಗುತ್ತದೆ. ಸಾಲದ್ದಕ್ಕೆ ಬಿಸಿಯಾದಾಗ ಎರಡೂ ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ತಣಿದಾಗ ಹಿಡಿತ ಒಂದು ಕೂದಲಷ್ಟು ಸಡಿಲವಾಗುತ್ತದೆ. ಸಡಿಲವಾದರೆ ರೋಧ ಹೆಚ್ಚು, ರೋಧ ಹೆಚ್ಚಿದರೆ ಶಾಖ ಹೆಚ್ಚು, ಶಾಖ ಹೆಚ್ಚಿದರೆ ಇನ್ನಷ್ಟು ಸಡಿಲ.

ಆ ಶಾಖ ಎಷ್ಟು ಎಂಬುದನ್ನೂ ಲೆಕ್ಕ ಹಾಕಿದೆವು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಬೇಕು. ಈ ನಿಯಮವನ್ನು ಜೇಮ್ಸ್ ಜೂಲ್ 1840ರ ಸುಮಾರಿಗೆ ನೀರನ್ನು ಬಿಸಿ ಮಾಡಿ, ಉಷ್ಣಮಾಪಕದಿಂದ ಅಳೆದೇ ಕಂಡುಕೊಂಡದ್ದು. ರಾಡು ಹಾಕಿದಾಗ 5.7 × 5.7 × 2.16 = 70 ವ್ಯಾಟ್. ರೇಡಿಯೊ ದುರಸ್ತಿಯ 25 ವ್ಯಾಟಿನ ಬೆಸುಗೆ ಕಡ್ಡಿ ಸೀಸವನ್ನು ಕರಗಿಸುತ್ತದೆ. ಇಲ್ಲಿ ಅದರ ಸುಮಾರು ಮೂರು ಪಟ್ಟು ಶಾಖ ಟೇಪಿನ ಒಳಗೆ ಕುಳಿತಿತ್ತು. ಮೋಟಾರು ಗುಂಯ್ ಎನ್ನುತ್ತ 24 ಆಂಪಿಯರ್ ಎಳೆಯುವಾಗ ಅದೇ ಜಾಯಿಂಟಿನಲ್ಲಿ 24 × 24 × 2.16, ಎಂದರೆ 1244 ವ್ಯಾಟ್. ಪ್ರವಾಹ ನಾಲ್ಕು ಪಟ್ಟಾದರೆ ಶಾಖ ಹದಿನಾರು ಪಟ್ಟಾಗುತ್ತದೆ ಎಂಬುದನ್ನು ಮಾಮಾ ಎರಡು ಸಲ ಕೇಳಿ ತಿಳಿದುಕೊಂಡರು. ಆ ಮರದ ಕೆಳಗೇ ಒಣಗಿದ ಕಣಿಕಿಯ ಬಣವೆ ಇತ್ತು. ಅದನ್ನು ಅದೇ ದಿನ ಬೇರೆ ಕಡೆಗೆ ಸರಿಸಿದರು. ನಮ್ಮ ಜಿಲ್ಲೆಯ ಕೂಡಗಿ ಉಷ್ಣ ವಿದ್ಯುತ್ ಸ್ಥಾವರದಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿಂದ ಹೊರಡುವ ವಿದ್ಯುತ್ತನ್ನು ಲಕ್ಷಗಟ್ಟಲೆ ವೋಲ್ಟಿಗೆ ಏರಿಸಿ ಕಳಿಸುವುದೂ ಈ ವರ್ಗದ ಭಯದಿಂದಲೇ: ವೋಲ್ಟೇಜು ಏರಿದಷ್ಟು ಪ್ರವಾಹ ಇಳಿಯುತ್ತದೆ, ಪ್ರವಾಹ ಇಳಿದರೆ ದಾರಿಯ ನಷ್ಟ ಅದರ ವರ್ಗದಷ್ಟು ಇಳಿಯುತ್ತದೆ.

ದುರಸ್ತಿ ಕೆಲಸ ದೊಡ್ಡದೇನಲ್ಲ. ತಾಮ್ರದ ತುಂಡನ್ನು ತೆಗೆದು, ಎರಡೂ ಕಡೆ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಸಿಗುವವರೆಗೆ ಕತ್ತರಿಸಿ, ನಡುವೆ ಅದೇ 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ವಯರನ್ನು ಹಾಕಿದೆವು. ಆಕ್ಸೈಡ್ ತಡೆಯುವ ಪೇಸ್ಟನ್ನು ಹಚ್ಚಿ, ಪೇಸ್ಟಿನ ಒಳಗೇ ತಂತಿಯ ಬ್ರಶ್ಶಿನಿಂದ ಉಜ್ಜಿದೆ. ಮೊದಲು ಉಜ್ಜಿ ಆಮೇಲೆ ಹಚ್ಚಿದರೆ ಆ ನಡುವಿನ ಹೊತ್ತಿನಲ್ಲಿಯೇ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಅಲ್ಯೂಮಿನಿಯಂ ಫೆರೂಲಿನಲ್ಲಿ (ಸಣ್ಣ ಕೊಳವೆ) ಎರಡೂ ತುದಿ ಸೇರಿಸಿ, ವಿಜಯಪುರದಿಂದ ಎರವಲು ತಂದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದೆವು. ಪಕ್ಕದ ನ್ಯೂಟ್ರಲ್ ಜಾಯಿಂಟನ್ನೂ ಹಾಗೆಯೇ ಮಾಡಿದೆವು. ಶೆಡ್ಡಿನ ಗೋಡೆಯಲ್ಲಿ ತಾಮ್ರಕ್ಕೆ ಕೂಡಿಸುವುದು ಅನಿವಾರ್ಯವಾದ್ದರಿಂದ, ಒಂದು ಬದಿ ಅಲ್ಯೂಮಿನಿಯಂ, ಇನ್ನೊಂದು ಬದಿ ತಾಮ್ರ ಇರುವ ಬೈಮೆಟಲ್ ಲಗ್ ಹಾಕಿ, ಮಳೆ ತಾಗದ ಪೆಟ್ಟಿಗೆಯೊಳಗೆ ಬೋಲ್ಟ್ ಬಿಗಿದೆವು.

ಮತ್ತೆ ಬ್ಯಾಟರಿ ಇಟ್ಟಾಗ 12.2 ವೋಲ್ಟಿಗೆ 7.3 ಆಂಪಿಯರ್ ಹರಿಯಿತು: 1.67 ಓಮ್. ಬ್ಯಾಟರಿ ತೆಗೆದು, ಎರಡೂ ತುದಿಗಳನ್ನು ಮೊದಲಿನಂತೆ ಜೋಡಿಸಿ, ಶೆಡ್ಡಿನ ಕೂಡಿಸಿದ ತಂತಿಗಳನ್ನು ಬಿಡಿಸಿದ್ದನ್ನು ಇಬ್ಬರೂ ಬೇರೆ ಬೇರೆಯಾಗಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಫ್ಯೂಸ್ ಹಾಕಿದೆವು. ರಾಡಿನ ಮೇಲೆ ಈಗ 219 ವೋಲ್ಟ್, 6.2 ಆಂಪಿಯರ್, 1358 ವ್ಯಾಟ್. ಬೋರ್ಡಿನಲ್ಲಿ ಮೊದಲಿನಂತೆ 229.

ಇದನ್ನು ಇನ್ನೊಂದು ದಾರಿಯಿಂದಲೂ ಪರೀಕ್ಷಿಸಿದೆ. ಮನೆಯ ಮೀಟರಿನ ಕೆಂಪು ದೀಪ ಒಂದು ಯುನಿಟ್ಟಿಗೆ 3200 ಸಲ ಮಿನುಗುತ್ತದೆ ಎಂದು ಅದರ ಮೇಲೆಯೇ ಬರೆದಿದೆ. ಬೇರೆ ಎಲ್ಲವನ್ನೂ ಬಂದ್ ಮಾಡಿ ಎಣಿಸಿದರೆ 50 ಮಿನುಗಿಗೆ 40 ಸೆಕೆಂಡು ಹಿಡಿಯಿತು. ಒಂದು ಯುನಿಟ್ ಎಂದರೆ 36 ಲಕ್ಷ ಜೂಲ್. ಅದನ್ನು 3200ರಿಂದ ಭಾಗಿಸಿ 50ರಿಂದ ಗುಣಿಸಿದರೆ 56,250 ಜೂಲ್. 40 ಸೆಕೆಂಡಿಗೆ 1406 ವ್ಯಾಟ್. ಬೋರ್ಡಿನ 229 ವೋಲ್ಟನ್ನು 6.2 ಆಂಪಿಯರಿನಿಂದ ಗುಣಿಸಿದರೆ 1420. ನೂರಕ್ಕೆ ಒಂದರಷ್ಟೇ ವ್ಯತ್ಯಾಸ.

ಕೊನೆಗೆ ಮೋಟಾರು. ಸ್ವಿಚ್ ಹಾಕಿದ ತಕ್ಷಣ ವೋಲ್ಟೇಜು 180ರವರೆಗೆ ಇಳಿದು, ಕಣ್ಣು ಮಿಟುಕಿಸುವುದರೊಳಗೆ ಮೇಲೆ ಬಂತು, ಚಕ್ರ ತಾನಾಗಿಯೇ ಹೊರಟಿತು. ಕಣಿಕಿ ಹಾಕಿದಾಗ 11 ಆಂಪಿಯರ್. ಇಲ್ಲಿ 229 × 11 = 2519 ಎಂದು ಗುಣಿಸಿ ಅಷ್ಟು ವ್ಯಾಟ್ ಎಂದರೆ ತಪ್ಪು. ಮೀಟರಿನ ದೀಪ 50 ಸಲ ಮಿನುಗಲು 27 ಸೆಕೆಂಡು ತೆಗೆದುಕೊಂಡಿತು, ಎಂದರೆ ನಿಜವಾದ ಸಾಮರ್ಥ್ಯ 2083 ವ್ಯಾಟ್. ಎರಡರ ಅನುಪಾತ 0.83, ಅದೇ ಪವರ್ ಫ್ಯಾಕ್ಟರ್. ರಾಡಿಗೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಕು, ಮೋಟಾರಿಗೆ ಸಾಲದು.

ವಯರನ್ನು ಈಗಲೂ ದಪ್ಪ ಮಾಡಬೇಕೇ ಎಂದು ಮಾಮಾ ಕೇಳಿದರು. 11 ಆಂಪಿಯರಿಗೆ 1.67 ಓಮ್‌ನಲ್ಲಿ ಹೋಗುವ ನಷ್ಟ 202 ವ್ಯಾಟ್. ದಿನಕ್ಕೆ 40 ನಿಮಿಷ ಕಟರ್ ಓಡಿದರೆ ತಿಂಗಳಿಗೆ ಸುಮಾರು 4 ಯುನಿಟ್. ಅದಕ್ಕಾಗಿ 110 ಮೀಟರ್ ಹೊಸ ವಯರು ಕೊಳ್ಳುವುದು ಈಗ ಬೇಡ. ಇದ್ದ ವಯರು ಹಳತಾಗಿ ಬದಲಿಸುವ ದಿನ ಬಂದಾಗ 10 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಹಾಕಿದರೆ ರೋಧ ಸುಮಾರು 0.62 ಓಮ್‌ಗೆ ಇಳಿಯುತ್ತದೆ ಎಂದು ಹೇಳಿದೆ.

ಹೊರಡುವ ಮುನ್ನ ಶೆಡ್ಡಿನ ಸ್ವಿಚ್ ಬೋರ್ಡಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ದಿನಾಂಕ, "1500 ವ್ಯಾಟ್ ರಾಡು ಹಾಕಿದಾಗ ಇಲ್ಲಿ 219 ವೋಲ್ಟ್, 6.2 ಆಂಪಿಯರ್, ಮನೆಯಲ್ಲಿ 229". ಅದರ ಕೆಳಗೆ ಪ್ರತಿ ಮಳೆಗಾಲ ಮುಗಿದ ಮೇಲೆ ಒಂದು ಸಾಲು ತುಂಬುವಷ್ಟು ಖಾಲಿ ಜಾಗ ಬಿಟ್ಟಿದ್ದೇನೆ. ಬರೆಯುವ ಕೆಲಸವನ್ನು ಅಳಿಯ ವಹಿಸಿಕೊಂಡಿದ್ದಾನೆ.